ಧುಮುಕುವ ನೀರು, ಜಾರುವ ಬೆಳಕು

ಆಷಾಢ ಶ್ರಾವಣಗಳಲ್ಲಿ ಶರಾವತಿ ಮೈದುಂಬಿ ಹರಿಯುವಾಗ ಜೋಗದ ಕಮರಿಯ ಅಂಚಿಗೆ ಬಂದು ನಿಂತವರಲ್ಲಿ ಚಿತ್ರ ತೆಗೆಯದೆ ಹಿಂದಿರುಗುವವರು ಈಗ ವಿರಳ. ಕಿಸೆಯೊಳಗಿನ ಫೋನೇ ಕ್ಯಾಮರಾ ಆಗಿರುವ ಕಾಲವಿದು. ಆದರೆ ಊರಿಗೆ ಮರಳಿ, ತೆಗೆದ ಚಿತ್ರಗಳನ್ನು ಮನೆಯವರಿಗೆ ತೋರಿಸಲು ಕುಳಿತಾಗ ಬಹುಮಂದಿಯ ಮುಖ ಸಪ್ಪಗಾಗುವುದು. ಎದೆಯನ್ನು ನಡುಗಿಸಿದ ಭೋರ್ಗರೆತ, ಮೈಯೆಲ್ಲ ತೋಯಿಸಿದ ತುಂತುರು, ಕಮರಿಯ ಆಳದಿಂದ ಮೇಲೆದ್ದು ಕಣ್ಣೆದುರಿಗೇ ಕರಗಿಹೋದ ಮಂಜು, ಇವುಗಳಲ್ಲಿ ಒಂದೂ ಅಲ್ಲಿರುವುದಿಲ್ಲ. ಸುಣ್ಣದ ಬಣ್ಣದ ಆಕಾಶದ ಕೆಳಗೆ, ಕಪ್ಪು ಬಂಡೆಯ ಮೇಲೆ, ನಾಲ್ಕು ಬಿಳಿಯ ಗೀರುಗಳಷ್ಟೆ ಉಳಿದಿರುತ್ತವೆ. ಇನ್ನೂ ಬೆಲೆಬಾಳುವ ಕ್ಯಾಮರಾ ಇದ್ದಿದ್ದರೆ ಎಂದು ಹಂಬಲಿಸುವವರುಂಟು. ಬೆಲೆಯಿಂದ ಆ ಕೊರತೆ ತುಂಬಲಾರದು. ಬೆಳಕು ಮತ್ತು ನೀರು, ಇವೆರಡೂ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರದ ವಸ್ತುಗಳು. ಅವುಗಳ ಸ್ವಭಾವವನ್ನು, ಅದರಲ್ಲಿಯೂ ನಮ್ಮ ಸೀಮೆಯ ಬೆಳಕಿನ ಮತ್ತು ನಮ್ಮ ಸೀಮೆಯ ನೀರಿನ ಸ್ವಭಾವವನ್ನು ಅರಿತುಕೊಂಡವನಿಗೆ ರುದ್ರರಮ್ಯವಾದ ನಿಸರ್ಗವು ಚೌಕಟ್ಟಿನೊಳಗೆ ಒಲಿದು ಬರುವುದು.

ಮೊದಲು ಕಣ್ಣಿಗೂ ಕ್ಯಾಮರಾಕ್ಕೂ ಇರುವ ಭೇದವನ್ನು ತಿಳಿಯಬೇಕು. ಒಂದು ದೃಶ್ಯವನ್ನು ನೋಡುವಾಗ ನಮ್ಮ ಕಣ್ಣು ಒಂದೆಡೆ ನಿಲ್ಲುವುದಿಲ್ಲ. ಹೊಳೆಯುವ ನೀರಿನ ಮೇಲೆ ಬಿದ್ದೊಡನೆ ಪಾಪೆ ಕಿರಿದಾಗುತ್ತದೆ, ಬಂಡೆಯ ಸಂದಿನ ಕತ್ತಲೆಗೆ ಹೊರಳಿದೊಡನೆ ಹಿರಿದಾಗುತ್ತದೆ, ಹೀಗೆ ಅಲೆದಲೆದು ಸಂಗ್ರಹಿಸಿದುದನ್ನೆಲ್ಲ ಮನಸ್ಸು ಒಂದೇ ದೃಶ್ಯವಾಗಿ ಕೂಡಿಸಿಕೊಳ್ಳುತ್ತದೆ. ಕ್ಯಾಮರಾಕ್ಕಾದರೋ ಒಂದು ಸಲಕ್ಕೆ ಒಂದೇ ಅಳತೆ. ಅದರೊಳಗಿನ ಬೆಳಕಿನ ಮೀಟರು ತನ್ನೆದುರಿಗೆ ಏನೇ ಇರಲಿ, ಅದನ್ನು ಬೆಳಕಿನ ನೂರರಲ್ಲಿ ಸುಮಾರು 18 ಪಾಲನ್ನು ಹಿಂದಿರುಗಿಸುವ ಮಧ್ಯಮ ಬೂದು ಬಣ್ಣವೆಂದೇ ಭಾವಿಸುವಂತೆ ರಚಿತವಾದುದು. ಆದುದರಿಂದ ಚೌಕಟ್ಟಿನ ತುಂಬ ಬಿಳಿಯ ನೊರೆಯೇ ಇದ್ದಾಗ ಅದು ಆ ನೊರೆಯನ್ನು ಬೂದಿಯಾಗಿಸುವುದು. ಕಪ್ಪು ಬಂಡೆಯೇ ಇದ್ದಾಗ ಬಂಡೆಯನ್ನು ಬೆಳ್ಳಗಾಗಿಸಿ, ನೀರನ್ನು ಒಂದು ಎಳೆಯೂ ಕಾಣದಂತೆ ಸುಟ್ಟುಬಿಡುವುದು. ಜೋಗದಲ್ಲಿ ಈ ಎರಡು ವಿಪರೀತಗಳೂ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಯಂತ್ರದ ಲೆಕ್ಕವನ್ನು ಯಂತ್ರಕ್ಕೇ ಬಿಡದೆ, ಯಾವುದು ಬಿಳಿಯಾಗಿ ಉಳಿಯಬೇಕು, ಯಾವುದು ಕಪ್ಪಾದರೂ ಚಿಂತೆಯಿಲ್ಲ ಎಂಬ ನಿರ್ಣಯವನ್ನು ಚಿತ್ರಕಾರನೇ ಮಾಡಬೇಕಾಗುವುದು. ನನ್ನ ಮಟ್ಟಿಗೆ ಹೇಳುವುದಾದರೆ, ನೀರಿನ ಚಿತ್ರದಲ್ಲಿ ನೀರಿಗೇ ಮೊದಲ ಮರ್ಯಾದೆ: ನೊರೆಯೊಳಗಿನ ಎಳೆಗಳು ಕಾಣುವಷ್ಟು ಬೆಳಕನ್ನು ಒಳಗೆ ಬಿಟ್ಟು, ಬಂಡೆಯನ್ನು ಅದರ ಪಾಡಿಗೆ ಕಪ್ಪಾಗಲು ಬಿಡುವುದು ಒಳ್ಳೆಯದು.

ಈ ನಿರ್ಣಯವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವನು ಅಮೆರಿಕದ ಆನ್ಸೆಲ್ ಆಡಮ್ಸ್. 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಆತ, ಪಿಯಾನೋ ವಾದಕನಾಗಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿ, ಕೊನೆಗೆ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯ ಬಂಡೆಗಳಿಗೂ ಜಲಪಾತಗಳಿಗೂ ಮನಸೋತು ಛಾಯಾಗ್ರಾಹಕನಾದವನು. 1927ರ ಏಪ್ರಿಲ್ 10ರಂದು ಆತ ಗಾಜಿನ ಪ್ಲೇಟುಗಳನ್ನೂ ಭಾರವಾದ ಕ್ಯಾಮರಾವನ್ನೂ ಹೊತ್ತು, ಹಿಮದಲ್ಲಿ ಹೆಜ್ಜೆಯಿಡುತ್ತ, ಹಾಫ್ ಡೋಮ್ ಎಂಬ ಮಹಾಶಿಲೆಯ ಎದುರಿನ ಎತ್ತರವನ್ನು ಏರಿದನು. ಅಲ್ಲಿಗೆ ತಲಪುವ ಹೊತ್ತಿಗೆ ಉಳಿದಿದ್ದುದು ಎರಡೇ ಪ್ಲೇಟುಗಳು. ಮೊದಲನೆಯದನ್ನು ವಾಡಿಕೆಯಂತೆ ಹಳದಿ ಫಿಲ್ಟರಿನಿಂದ ತೆಗೆದ ಮೇಲೆ ಆತನಿಗೆ ತೋರಿತು, ಆ ಶಿಲೆ ತನ್ನ ಮನಸ್ಸಿನ ಮೇಲೆ ಮಾಡಿದ ಗಂಭೀರವಾದ ಪರಿಣಾಮ ಈ ಚಿತ್ರದಲ್ಲಿ ಬರಲಾರದೆಂದು. ಕೊನೆಯ ಪ್ಲೇಟಿಗೆ ಕಡುಗೆಂಪಿನ ಫಿಲ್ಟರನ್ನು ತೊಡಿಸಿದನು. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯಿತು. ಆಕಾಶ ಬಹುಮಟ್ಟಿಗೆ ಕಪ್ಪಾಯಿತು. ಶಿಲೆಯ ಮುಖವೊಂದೇ ಆ ಕತ್ತಲೆಯೊಳಗಿನಿಂದ ಎದ್ದುಬಂದಿತು. ಕಣ್ಣಿಗೆ ಕಂಡಂತೆ ಅದು ಇರಲಿಲ್ಲ, ಮನಸ್ಸಿಗೆ ಕಂಡಂತೆ ಇತ್ತು. ಗುಂಡಿ ಒತ್ತುವ ಮೊದಲೇ ಮುಗಿದ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂಬ ತತ್ತ್ವವನ್ನು ಆತ ಅಂದಿನಿಂದ ಜೀವಮಾನವೆಲ್ಲ ಬೋಧಿಸಿದನು. 1940ರ ಸುಮಾರಿಗೆ ಫ್ರೆಡ್ ಆರ್ಚರ್ ಎಂಬವನೊಡಗೂಡಿ, ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗಿನ ಛಾಯೆಗಳನ್ನು ಹನ್ನೊಂದು ವಲಯಗಳಾಗಿ ವಿಭಾಗಿಸಿ, ದೃಶ್ಯದ ಯಾವ ಭಾಗ ಯಾವ ವಲಯದಲ್ಲಿ ಬೀಳಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವ ಜೋನ್ ಪದ್ಧತಿಯನ್ನು ರೂಪಿಸಿದನು.

ಆ ಶಾಸ್ತ್ರ ಎಷ್ಟರಮಟ್ಟಿಗೆ ಆತನಿಗೆ ರಕ್ತಗತವಾಗಿತ್ತೆಂಬುದಕ್ಕೆ 1941ರ ನವೆಂಬರ್ 1ರ ಸಂಜೆ ಸಾಕ್ಷಿ. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಪಕ್ಕದಲ್ಲಿ ಕಾರಿನಲ್ಲಿ ಹೋಗುತ್ತಿರುವಾಗ, ಹಿಮಶಿಖರಗಳ ಮೇಲೆ ಚಂದ್ರನೇರಿರುವುದೂ, ಮುಳುಗುವ ಸೂರ್ಯನ ಕಟ್ಟಕಡೆಯ ಕಿರಣಗಳು ಹಳ್ಳಿಯ ಶ್ಮಶಾನದ ಬಿಳಿಯ ಶಿಲುಬೆಗಳನ್ನು ಬೆಳಗುತ್ತಿರುವುದೂ ಕಂಡಿತು. ಕಾರನ್ನು ನಿಲ್ಲಿಸಿ ಕ್ಯಾಮರಾ ಹೂಡಿದರೆ, ಬೆಳಕನ್ನು ಅಳೆಯುವ ಮೀಟರು ಕೈಗೆ ಸಿಗಲೊಲ್ಲದು. ಚಂದ್ರಬಿಂಬದ ಪ್ರಕಾಶ ಇಷ್ಟೆಂಬುದು ನೆನಪಿನಲ್ಲಿದ್ದುದರಿಂದ ಅದರ ಆಧಾರದ ಮೇಲೆಯೇ ಗುಣಿಸಿ ಒಂದು ಚಿತ್ರವನ್ನು ತೆಗೆದನು. ಎರಡನೆಯದಕ್ಕೆ ಫಿಲ್ಮಿನ ಹೋಲ್ಡರನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಗಿತ್ತು. ಬೆಳಕಿನೊಡನೆ ವ್ಯವಹರಿಸುವವನಿಗೆ ಎಷ್ಟು ಹೊತ್ತು ದೊರೆಯುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪ್ರಸಂಗವನ್ನು ನಾನರಿಯೆ.

ಈಗ ನಮ್ಮ ಬೆಳಕಿನ ಮಾತು. ಛಾಯಾಗ್ರಹಣದ ಪುಸ್ತಕಗಳನ್ನು ತೆರೆದರೆ, ಬೆಳಗಿನ ಮೊದಲ ಗಂಟೆಯನ್ನೂ ಸಂಜೆಯ ಕೊನೆಯ ಗಂಟೆಯನ್ನೂ ಸುವರ್ಣಘಳಿಗೆಯೆಂದು ಕೊಂಡಾಡಿರುವುದು ಕಾಣುವುದು. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಸೂರ್ಯನು ದಿಗಂತದ ಬಳಿಯಿರುವಾಗ ಅವನ ಕಿರಣಗಳು ನಡುನೆತ್ತಿಯಲ್ಲಿರುವಾಗಿನದಕ್ಕಿಂತ ಸುಮಾರು 38 ಪಟ್ಟು ವಾಯುರಾಶಿಯನ್ನು ದಾಟಿ ಬರಬೇಕಾಗುತ್ತದೆ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಚೆದುರಿಸುವುದರಿಂದ, ಅಷ್ಟು ದೂರ ಕ್ರಮಿಸಿದ ಕಿರಣದಲ್ಲಿ ಕೆಂಪು ಹಳದಿಗಳೇ ಉಳಿದು, ಓರೆಯಾಗಿ ಬಿದ್ದು, ಪ್ರತಿಯೊಂದು ಕಲ್ಲಿಗೂ ಹುಲ್ಲಿಗೂ ಒಂದು ನೆರಳನ್ನೂ ಒಂದು ಅಂಚನ್ನೂ ಕೊಡುತ್ತವೆ. ಆದರೆ ಈ ಪುಸ್ತಕಗಳನ್ನು ಬರೆದವರು ಬಹುಪಾಲು ಉತ್ತರದ ಶೀತದೇಶಗಳವರು. ಇಂಗ್ಲೆಂಡಿನ ಬೇಸಗೆಯಲ್ಲಿ ಸೂರ್ಯನು ದಿಗಂತದ ಕಡೆಗೆ ವಾರೆಯಾಗಿ ಜಾರುತ್ತಾನೆ. ಕೊನೆಯ ಆರು ಡಿಗ್ರಿಗಳನ್ನು ಇಳಿಯಲು ಅಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕು ಹಿಡಿಯುವುದು. ಜೋಗ, ಆಗುಂಬೆ, ಕಾರವಾರಗಳು ಇರುವ ಹದಿಮೂರು ಹದಿನೈದು ಡಿಗ್ರಿ ಅಕ್ಷಾಂಶದಲ್ಲಿ ಅವನು ನೇರವಾಗಿ ಬೀಳುತ್ತಾನೆ. ಅದೇ ಆರು ಡಿಗ್ರಿಗಳಿಗೆ ಇಲ್ಲಿ ಸುಮಾರು 25 ನಿಮಿಷ ಸಾಕು, ಮುಳುಗಿದ ಮೇಲಿನ ಸಂಧ್ಯಾಪ್ರಕಾಶಕ್ಕೆ ಇನ್ನೊಂದು ಇಪ್ಪತ್ತೆರಡು ನಿಮಿಷ. ಗಂಟೆಯೊಂದು ಇದೆಯೆಂದು ನಂಬಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಬಂದವನು ಟ್ರೈಪಾಡಿನ ಕಾಲುಗಳನ್ನು ಬಿಡಿಸುವುದರೊಳಗಾಗಿ ಅರ್ಧ ಬೆಳಕು ಕಳೆದಿರುತ್ತದೆ. ಜಾಗವನ್ನು ಮಧ್ಯಾಹ್ನವೇ ನೋಡಿಟ್ಟು, ಚೌಕಟ್ಟನ್ನು ಮೊದಲೇ ಕಟ್ಟಿಕೊಂಡು, ಬೆಳಕಿಗಾಗಿ ತಾನು ಕಾಯಬೇಕೇ ಹೊರತು ಬೆಳಕು ತನಗಾಗಿ ಕಾಯುವುದಿಲ್ಲ.

ನಡುಹಗಲಿನ ಸ್ಥಿತಿ ಇನ್ನೂ ಕಠಿನ. ಜೋಗದ ನೆತ್ತಿಯ ಮೇಲೆ ಸೂರ್ಯನು ಸರಿಯಾಗಿ ಬರುವುದು ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಈ ಎರಡನೆಯದು ಜಲಪಾತ ಪೂರ್ಣವೈಭವದಲ್ಲಿರುವ ಕಾಲವೇ ಆಗಿರುವುದು ವಿಶೇಷ. ಆ ದಿನಗಳಲ್ಲಿ ಮೋಡ ಹರಿದು ಬಿಸಿಲು ಬಿದ್ದರೆ, ನೆರಳೆಂಬುದೇ ಇಲ್ಲದ ಆ ಪ್ರಖರತೆಯಲ್ಲಿ ಬಂಡೆಯ ಉಬ್ಬುತಗ್ಗುಗಳೆಲ್ಲ ಚಪ್ಪಟೆಯಾಗಿ, ನೀರು ಕಣ್ಣು ಕುಕ್ಕುವ ಸುಣ್ಣವಾಗುತ್ತದೆ. ಬಿಸಿಲು ಬಂದಿತೆಂದು ಹಿಗ್ಗಿ ಕ್ಯಾಮರಾ ತೆಗೆಯುವವರನ್ನು ಕಂಡಾಗ, ಸ್ವಲ್ಪ ತಾಳಿ, ಮೋಡ ಬರಲಿ, ಎಂದು ಹೇಳಬೇಕೆನಿಸುವುದು.

ಏಕೆಂದರೆ ಮಲೆನಾಡಿನ ನಿಜವಾದ ಸುವರ್ಣಘಳಿಗೆ ಮಳೆಗಾಲದ ಮೋಡದಲ್ಲಿದೆ. ಕವಿದ ಮುಗಿಲಿನ ಪದರಗಳನ್ನು ಹಾಯ್ದು ಬರುವ ಬೆಳಕು ಎಲ್ಲ ದಿಕ್ಕುಗಳಿಂದಲೂ ಸಮವಾಗಿ ಇಳಿಯುತ್ತದೆ. ಬಿಳುಪಿಗೂ ಕಪ್ಪಿಗೂ ಇದ್ದ ಅಂತರ ಕಿರಿದಾಗಿ, ನೊರೆಯೂ ಬಂಡೆಯೂ ಒಂದೇ ಅಳತೆಯೊಳಗೆ ಹೊಂದಿಕೊಳ್ಳುತ್ತವೆ. ತೊಯ್ದ ಹಾವಸೆಯ ಹಸುರು ಒಳಗಿನಿಂದ ಬೆಳಗುವಂತೆ ತೋರುತ್ತದೆ. ಬಿಸಿಲಿನಲ್ಲಿ ಹಸುರೆಲೆಯ ಬಣ್ಣವನ್ನು ಅದರ ಮೇಲ್ಮೈಯ ಹೊಳಪು ಮುಚ್ಚಿಬಿಡುವುದು. ಮೋಡದಲ್ಲಿಯೂ ತೊಯ್ದ ಎಲೆಗಳ ಮೇಲೆ ಆಕಾಶದ ಬಿಳಿಯ ಪ್ರತಿಫಲನ ಉಳಿದಿರುತ್ತದೆ. ಅದಕ್ಕಾಗಿ ಪೋಲರೈಸರ್ ಎಂಬ ಫಿಲ್ಟರು. ನೀರಿನಂತಹ ಮೇಲ್ಮೈಯಿಂದ, ಲಂಬರೇಖೆಗೆ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ಸಮತಲದಲ್ಲಿ ಕಂಪಿಸುವ ಗುಣವನ್ನು ಪಡೆದಿರುತ್ತದೆ. ಫಿಲ್ಟರಿನ ಉಂಗುರವನ್ನು ತಕ್ಕ ಹಾಗೆ ತಿರುಗಿಸಿದರೆ ಆ ಹೊಳಪು ಅಡಗಿ, ಎಲೆಗೆ ತನ್ನ ಬಣ್ಣವೂ, ಹೊಳೆಗೆ ತನ್ನ ತಳದ ಕಲ್ಲುಗಳೂ ಮರಳಿ ಬರುತ್ತವೆ. ಇನ್ನು ಮಳೆ ಹೊಳವಾಗುವ ಹೊತ್ತು, ಒಂದು ಜಡಿ ನಿಂತು ಇನ್ನೊಂದು ಹಿಡಿಯುವುದರ ನಡುವಿನ ಆ ಹತ್ತು ಹದಿನೈದು ನಿಮಿಷ, ನಮ್ಮ ಘಟ್ಟಗಳ ಪರಮೋತ್ಕೃಷ್ಟ ಸಮಯವೆಂದು ನಾನು ಬಲ್ಲೆ. ಕಮರಿಯ ತುಂಬ ನೆರೆದಿದ್ದ ಮಂಜು ಆಗ ಏಳುತ್ತದೆ. ಮೊದಲು ಎದುರಿನ ಮರಗಳ ತುದಿ, ಆಮೇಲೆ ಬಂಡೆಯ ನೆತ್ತಿ, ಆಮೇಲೆ ನೀರಿನ ಮೊದಲ ಧುಮುಕು, ಹೀಗೆ ತುಂಡುತುಂಡಾಗಿ ದೃಶ್ಯ ಅನಾವರಣವಾಗುತ್ತದೆ. ಪೂರ್ತಿ ತೆರೆದ ಜೋಗಕ್ಕಿಂತ ಅರ್ಧ ತೆರೆದ ಜೋಗ ಚಿತ್ರದಲ್ಲಿ ದೊಡ್ಡದಾಗಿ ಕಾಣುವುದನ್ನು ಬಲ್ಲವರೆಲ್ಲ ಬಲ್ಲರು.

ಇನ್ನು ನೀರು. ಜಲಪಾತವನ್ನು ಎಷ್ಟು ಶಟರ್ ವೇಗದಲ್ಲಿ ತೆಗೆಯಬೇಕೆಂಬುದು ಈ ಕಲೆಯಲ್ಲಿ ತೊಡಗಿದವರ ನಡುವೆ ಮುಗಿಯದ ವಾದ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆದರೆ ಪ್ರತಿಯೊಂದು ಹನಿಯೂ ಗಾಳಿಯಲ್ಲಿ ಸ್ತಂಭಿಸಿ ನಿಲ್ಲುವುದು. ಒಂದೆರಡು ಸೆಕೆಂಡು ಶಟರನ್ನು ತೆರೆದಿಟ್ಟರೆ ಹನಿಗಳೆಲ್ಲ ಬೆರೆತು ಹಿಂಜಿದ ಅರಳೆಯಂತಾಗುವುದು. ಮೊದಲನೆಯದೇ ಸತ್ಯ, ಎರಡನೆಯದು ಕೃತಕ ಎನ್ನುವವರುಂಟು. ಮೊದಲನೆಯದರಲ್ಲಿ ಹರಿವೇ ಇಲ್ಲ, ಎರಡನೆಯದರಲ್ಲಿ ಮಾತ್ರ ನೀರು ಹರಿಯುತ್ತದೆ ಎನ್ನುವವರೂ ಉಂಟು. ಕಣ್ಣು ಈ ಎರಡನ್ನೂ ಕಾಣದು. ಆದುದರಿಂದ ಸತ್ಯಾಸತ್ಯದ ಪ್ರಶ್ನೆಯನ್ನು ಬದಿಗಿಟ್ಟು, ಎದುರಿಗಿರುವ ಈ ನೀರಿನ ನಡೆ ಎಂತಹುದೆಂದು ಕೇಳುವುದೇ ಯುಕ್ತ. ಇದನ್ನು ಕಲಿಯಲು ಜೋಗಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಒಂದೇ ನದಿ, ಒಂದೇ ಬಂಡೆಯಿಂದ, ನಾಲ್ಕು ಬೇರೆ ಬೇರೆ ರೀತಿಗಳಲ್ಲಿ ಅಲ್ಲಿ ಧುಮುಕುತ್ತದೆ.

ಆ ನಾಲ್ಕು ಧಾರೆಗಳಲ್ಲಿ ರಾಜನೆಂಬವನು 253 ಮೀಟರುಗಳಷ್ಟು ಎತ್ತರವನ್ನು ಎಲ್ಲಿಯೂ ಬಂಡೆಗೆ ತಾಗದೆ ಒಂದೇ ಸ್ತಂಭವಾಗಿ ಇಳಿಯುತ್ತಾನೆ. ಗಾಳಿಯ ತಡೆ ಇಲ್ಲದೇ ಹೋಗಿದ್ದರೆ ಆ ನೀರು ತಳ ಮುಟ್ಟಲು ಸುಮಾರು ಏಳು ಸೆಕೆಂಡು ಸಾಕಾಗುತ್ತಿತ್ತು, ಮುಟ್ಟುವಾಗಿನ ವೇಗ ಗಂಟೆಗೆ 250 ಕಿಲೋಮೀಟರಾಗಿರುತ್ತಿತ್ತು. ಗಾಳಿ ಅದನ್ನು ಹರಿದು ಚೂರು ಮಾಡಿ ನಿಧಾನಗೊಳಿಸುವುದರಿಂದಲೇ ಸ್ತಂಭದ ಕೆಳಭಾಗವೆಲ್ಲ ಹೊಗೆಯಾಗಿ ಕಾಣುವುದು. ಬೀಳುವ ನೀರು ಸೆಕೆಂಡಿಗೆ 30 ಮೀಟರು ಚಲಿಸುತ್ತದೆಂದು ಇಟ್ಟುಕೊಂಡರೆ, ಶಟರು 1/30 ಸೆಕೆಂಡು ತೆರೆದಿರುವಾಗ ಒಂದು ಹನಿ ಒಂದು ಮೀಟರಿನ ಗೆರೆಯನ್ನು ಎಳೆಯುವುದು, 1/1000 ಸೆಕೆಂಡಿನಲ್ಲಿ ಮೂರು ಸೆಂಟಿಮೀಟರು ಮಾತ್ರ. ಕಮರಿಯ ಈಚೆಯಿಂದ ನೋಡುವವನಿಗೆ ಆ ಮೂರು ಸೆಂಟಿಮೀಟರು ಕಾಣುವುದೇ ಇಲ್ಲ. ಒಂದು ಮೀಟರಿನ ಗೆರೆ ಸಣ್ಣದೊಂದು ಎಳೆಯಾಗಿ ಕಾಣುತ್ತದೆ. ರಾಜನ ಗಾಂಭೀರ್ಯಕ್ಕೆ ಆ ಎಳೆಯೇ ಸಾಕು: ಸುಮಾರು 1/15 ರಿಂದ 1/60 ರೊಳಗೆ ಅವನು ಅವನಾಗಿ ಉಳಿಯುತ್ತಾನೆ. ಪಕ್ಕದ ರೋರರ್, ಜನರ ಬಾಯಲ್ಲಿ ರೋವರ್, ಬಂಡೆಗೆ ಬಡಿದು ಹೊರಳಿ ಅಬ್ಬರಿಸುತ್ತ ರಾಜನ ಕಡೆಗೆ ನುಗ್ಗುವವನು. ಅವನನ್ನು ನುಣುಪು ಮಾಡಿದರೆ ಅಬ್ಬರವೇ ಹೋಯಿತು. ರಾಕೆಟ್‌ನ ನೀರು ಬಂಡೆಯ ಮೂಲೆಗೆ ತಗುಲಿ ಚಿಮ್ಮಿ ಬಾಣಗಳಾಗಿ ಹಾರುವುದರಿಂದ, 1/500ಕ್ಕೂ ಚುರುಕಾದ ವೇಗದಲ್ಲಿ ಮಾತ್ರ ಪ್ರತಿಯೊಂದು ಬಾಣದ ಮೊನೆಯೂ ಅದರ ಹಿಂದಿನ ಬಾಲವೂ ಬೇರೆಯಾಗಿ ಕಾಣುವುವು. ದೂರದರ್ಶಕ ಲೆನ್ಸಿನಿಂದ ಆ ಒಂದು ಭಾಗವನ್ನೇ ಹಿಡಿದರೆ ಬರಿಗಣ್ಣು ಎಂದೂ ಕಾಣದ ಲೋಕವೊಂದು ತೆರೆದುಕೊಳ್ಳುತ್ತದೆ. ರಾಣಿಯಾದರೋ ಬಂಡೆಯ ಮೈಯನ್ನು ಬಿಡದೆ, ಹರಡಿಕೊಂಡು, ನೊರೆಯ ತೆರೆಯಾಗಿ ಇಳಿಯುವವಳು. ಹಿಂದಿನ ಯುರೋಪಿಯನ್ ಪ್ರವಾಸಿಗಳು ಅವಳಿಗೆ ಶ್ವೇತವಸನೆ ಎಂಬರ್ಥದ ಹೆಸರನ್ನಿಟ್ಟಿದ್ದುದು ಸುಮ್ಮನೆ ಅಲ್ಲ. ಅರ್ಧ ಸೆಕೆಂಡೋ ಒಂದು ಸೆಕೆಂಡೋ ಶಟರನ್ನು ತೆರೆದಿಡಬೇಕಾದುದು ಇಲ್ಲಿ. ನಾಲ್ವರನ್ನೂ ಒಂದೇ ಚೌಕಟ್ಟಿನಲ್ಲಿ ಒಂದೇ ವೇಗದಲ್ಲಿ ತೆಗೆದ ಚಿತ್ರ ಸಮೂಹದ ಭಾವಚಿತ್ರವಾಗಬಹುದು. ಒಬ್ಬೊಬ್ಬರ ಪರಿಚಯ ಬೇಕಾದರೆ ಒಬ್ಬೊಬ್ಬರ ಬಳಿಗೆ ಬೇರೆಯಾಗಿಯೇ ಹೋಗಬೇಕು.

ದೀರ್ಘ ಎಕ್ಸ್‌ಪೋಷರಿಗೆ ಟ್ರೈಪಾಡು ಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಜಲಪಾತ ತಾನೇ ಒಂದು ಗಾಳಿಯನ್ನು ಹುಟ್ಟಿಸುವುದರಿಂದ, ಟ್ರೈಪಾಡಿನ ನಡುಗಂಬಕ್ಕೆ ಚೀಲವನ್ನು ತೂಗುಹಾಕಿ ಭಾರ ಕೊಡದೆ ಇದ್ದರೆ ಅದೂ ನಡುಗುವುದು. ಲೆನ್ಸಿನ ಮೇಲೆ ತುಂತುರು ಕೂರಲು ನಾಲ್ಕೈದು ಸೆಕೆಂಡು ಸಾಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒಗೆದೊಗೆದು ಮೆತ್ತಗಾದ ಹತ್ತಿಯ ಬಟ್ಟೆ, ಒರೆಸಿದ ಕೂಡಲೇ ಗುಂಡಿ ಒತ್ತುವ ಚುರುಕು, ಇವಿಲ್ಲದೆ ಅಲ್ಲಿ ಕೆಲಸ ಸಾಗದು. ಮಳೆಗಾಲ ಕಳೆದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಮಲೆನಾಡಿನ ತೇವದಲ್ಲಿ ಲೆನ್ಸಿನ ಗಾಜುಗಳ ನಡುವೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿ, ಗಾಜಿನ ಲೇಪವನ್ನೇ ತಿಂದುಹಾಕುವುದರಿಂದ, ಅಲ್ಲಿನ ಛಾಯಾಗ್ರಾಹಕರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಲೆನ್ಸುಗಳನ್ನು ಕಾಪಾಡುತ್ತಾರೆ. ಪಾಚಿಗಟ್ಟಿದ ಬಂಡೆಯ ವಿಷಯವನ್ನು ಎಷ್ಟು ಸಲ ಹೇಳಿದರೂ ಸಾಲದು. ನಮ್ಮ ಜಲಪಾತಗಳ ನೆತ್ತಿಯ ಮೇಲೆ, ಕಟಕಟೆಯನ್ನು ದಾಟಿ, ಚಿತ್ರಕ್ಕಾಗಿ ಅಂಚಿಗೆ ಹೋದವರು ಹಿಂದಿರುಗದೆ ಇರುವ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತಿರುವುದು ಹೃದಯವಿದ್ರಾವಕ. ಯಾವ ಚಿತ್ರಕ್ಕೂ ಆ ಬೆಲೆಯಿಲ್ಲ.

ನೀರಿನ ಕಣಗಳೂ ಸೂರ್ಯನೂ ಸೇರುವಲ್ಲಿ ಕಾಮನಬಿಲ್ಲು. ಅದು ಒಂದು ಸ್ಥಳದಲ್ಲಿ ಇರುವ ವಸ್ತುವಲ್ಲ, ನೋಡುವವನ ಕಣ್ಣಿಗೂ ಸೂರ್ಯನಿಗೂ ಇರುವ ಒಂದು ಸಂಬಂಧ: ಸೂರ್ಯನಿಗೆ ಬೆನ್ನು ಮಾಡಿ ನಿಂತವನ ತಲೆಯ ನೆರಳನ್ನು ಕೇಂದ್ರವಾಗಿಟ್ಟುಕೊಂಡು, ಸುಮಾರು 42 ಡಿಗ್ರಿಗಳ ದೂರದಲ್ಲಿ ಅದು ಮೂಡುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲೇರಿದಾಗ ಬಯಲಿನಲ್ಲಿ ನಿಂತವನಿಗೆ ಬಿಲ್ಲು ಕಾಣದು; ಆದರೆ ಕಮರಿಯ ಮೇಲಂಚಿನಲ್ಲಿ ನಿಂತು ಕೆಳಗಿನ ತುಷಾರದೊಳಕ್ಕೆ ಇಣುಕುವವನಿಗೆ ಆಗಲೂ ಕಾಣುವುದು, ಅದೂ ಅರ್ಧವೃತ್ತಕ್ಕಿಂತ ಹೆಚ್ಚಾಗಿ. ಕಂಡ ಬಿಲ್ಲನ್ನು ಚಿತ್ರದಲ್ಲಿ ಕಳೆದುಕೊಳ್ಳುವ ಒಂದು ಬಗೆಯೂ ಉಂಟು: ಕಾಮನಬಿಲ್ಲಿನ ಬೆಳಕು ಬಹುಮಟ್ಟಿಗೆ ಒಂದೇ ಸಮತಲದಲ್ಲಿ ಕಂಪಿಸುವಂತಹುದಾದ ಕಾರಣ, ಮೊದಲು ಹೇಳಿದ ಪೋಲರೈಸರನ್ನು ಒಂದು ಕಡೆಗೆ ತಿರುಗಿಸಿದರೆ ಅದು ಬಣ್ಣಗಟ್ಟಿ ಹೊಳೆಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಕಣ್ಣೆದುರಿಗೇ ಅಳಿಸಿಹೋಗುತ್ತದೆ. ಬಿಲ್ಲಿನ ಈ ಚಲಿಸುವ ಗುಣವನ್ನು ಬಳಸಿಕೊಂಡು ತೆಗೆದ ಚಿತ್ರಗಳಲ್ಲಿ ಜಗತ್ಪ್ರಸಿದ್ಧವಾದುದು ಅಮೆರಿಕದ ಗೇಲನ್ ರೋವೆಲ್ 1981ರಲ್ಲಿ ಲ್ಹಾಸಾದಲ್ಲಿ ತೆಗೆದ ಪೋತಲ ಅರಮನೆಯ ಚಿತ್ರ. ಬಿಲ್ಲು ಎಲ್ಲಿಯೋ ಹೊಲದಲ್ಲಿ ಮೂಡಿತ್ತು. ತಾನು ಚಲಿಸಿದರೆ ಬಿಲ್ಲೂ ಚಲಿಸುವುದೆಂಬುದನ್ನು ಅರಿತಿದ್ದ ಆತ, ಆ ಎತ್ತರದ ತೆಳುಗಾಳಿಯಲ್ಲಿ ಓಡಿ, ಬಿಲ್ಲಿನ ಬುಡವು ಅರಮನೆಯ ಮೇಲೆಯೇ ಇಳಿಯುವ ಜಾಗವನ್ನು ಹಿಡಿದನು; ಜೊತೆಯವರು ಊಟ ಬಿಟ್ಟು ಏಳಲಿಲ್ಲ. ಭೌತಶಾಸ್ತ್ರದ ಒಂದು ಸೂತ್ರ ಕಾಲಿಗೆ ಬಲ ಕೊಟ್ಟ ಇಂತಹ ನಿದರ್ಶನ ನನಗೆ ಬಹಳ ಪ್ರಿಯವಾದುದು.

ಹುಣ್ಣಿಮೆಯ ರಾತ್ರಿ ಜಲಪಾತದ ತುಷಾರದಲ್ಲಿ ಚಂದ್ರನ ಬೆಳಕಿನಿಂದಲೂ ಬಿಲ್ಲು ಮೂಡುವುದುಂಟು. ಮಂದಪ್ರಕಾಶದಲ್ಲಿ ನಮ್ಮ ಕಣ್ಣು ಬಣ್ಣವನ್ನು ಗ್ರಹಿಸಲಾರದಾದುದರಿಂದ ಅದು ಬರಿಯ ಬೆಳ್ಳನೆಯ ಕಮಾನಾಗಿ ತೋರುತ್ತದೆ. ಶಟರನ್ನು ಹತ್ತಾರು ಸೆಕೆಂಡು ತೆರೆದಿಟ್ಟ ಕ್ಯಾಮರಾ ಅದರ ಏಳೂ ಬಣ್ಣಗಳನ್ನು ಕಾಣುವುದು. ಯೊಸೆಮಿಟಿಯಲ್ಲಿ ಹಿಮ ಕರಗಿ ಜಲಪಾತಗಳು ತುಂಬುವ ವಸಂತದ ಹುಣ್ಣಿಮೆಗಳಲ್ಲಿ ಇದಕ್ಕಾಗಿಯೇ ಜನ ಸೇರುತ್ತಾರೆ. ಅದೇ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಬಂಡೆಯ ಪೂರ್ವದ ಭುಜದಿಂದ ಇಳಿಯುವ ಹಾರ್ಸ್‌ಟೇಲ್ ಎಂಬ ಸಣ್ಣ ಜಲಪಾತ, ಫೆಬ್ರವರಿಯ ಎರಡನೆಯ ಭಾಗದ ಕೆಲವು ಸಂಜೆಗಳಲ್ಲಿ, ಸೂರ್ಯ ಮುಳುಗುವ ದಿಕ್ಕು ಸರಿಯಾಗಿ ಹೊಂದಿ ಬಂದಾಗ, ಬೆಂಕಿಯ ಧಾರೆಯಂತೆ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಮೇಲೆ ಹಿಮ ಕರಗಿ ನೀರಿರಬೇಕು, ಪಡುವಣ ಬಾನು ನಿರ್ಮಲವಾಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಏನೂ ಇಲ್ಲ. ಇದರ ವರ್ಣಚಿತ್ರವನ್ನು 1973ರಲ್ಲಿ ತೆಗೆದು ಲೋಕಕ್ಕೆ ತೋರಿಸಿದವನೂ ರೋವೆಲ್ಲನೇ. ಸಹ್ಯಾದ್ರಿಯ ನೂರಾರು ಜಲಪಾತಗಳಲ್ಲಿ ಯಾವ ತಿಂಗಳ ಯಾವ ಹೊತ್ತಿನಲ್ಲಿ ಯಾವುದರ ಮೇಲೆ ಇಳಿಬಿಸಿಲು ಹೀಗೆ ಬೀಳುತ್ತದೆಂಬುದನ್ನು ಬರೆದಿಟ್ಟ ಪಂಚಾಂಗವೊಂದು ನಮ್ಮಲ್ಲಿ ಇದ್ದರೆ ಎಷ್ಟು ಚೆನ್ನು!

ಕಡಲಿನ ಮಾತನ್ನು ಸಂಗ್ರಹವಾಗಿ ಹೇಳುತ್ತೇನೆ, ಅದು ಬೇರೊಂದು ಲೇಖನಕ್ಕೇ ಸಲ್ಲುವ ವಿಷಯ. ಛಾಯಾಗ್ರಹಣದ ಬಾಲ್ಯದಲ್ಲಿ ಕಡಲನ್ನೂ ಆಕಾಶವನ್ನೂ ಒಟ್ಟಿಗೆ ತೆಗೆಯುವುದು ಅಸಾಧ್ಯವೆಂದೇ ಎಣಿಕೆಯಾಗಿತ್ತು; ಅಂದಿನ ಗಾಜಿನ ಪ್ಲೇಟುಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬರಿಯ ಬಿಳಿಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿನಲ್ಲಿ, ತನ್ನ ಕಡಲಿನ ಚಿತ್ರಗಳಲ್ಲಿ ಕೆಲವಕ್ಕೆ ಮೋಡಗಳಿಗಾಗಿ ಒಂದು ನೆಗೆಟಿವ್, ಅಲೆಗಳಿಗಾಗಿ ಇನ್ನೊಂದು ತೆಗೆದು, ಎರಡನ್ನೂ ದಿಗಂತದ ರೇಖೆಯಲ್ಲಿ ಜೋಡಿಸಿ ಮುದ್ರಿಸಿದನು. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತ ಕಡಲಿನಲ್ಲಿಯೇ. ಮರವಂತೆಯಂತಹ ಊರಿನಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ ಇರುವುದರಿಂದ, ಬೆಳಗಿನ ಬೆಳಕನ್ನು ಹೊಳೆಯ ಮೇಲೂ ಸಂಜೆಯ ಬೆಳಕನ್ನು ಅಲೆಯ ಮೇಲೂ ಒಂದೇ ರಸ್ತೆಯಿಂದ ಕಾಣಬಹುದು. ಬೆಳಕನ್ನು ಸಾವಿರ ಪಟ್ಟು ತಗ್ಗಿಸುವ ಕಪ್ಪು ಫಿಲ್ಟರನ್ನು ತೊಡಿಸಿದರೆ 1/30 ಸೆಕೆಂಡಿನ ಎಕ್ಸ್‌ಪೋಷರು ಅರ್ಧ ನಿಮಿಷವನ್ನು ಮೀರುವುದು. ಆಗ ಅಲೆಗಳೆಲ್ಲ ಅಡಗಿ ಬಂಡೆಗಳ ಸುತ್ತ ಮಂಜಿನಂತಹ ಲೇಪ ಮಾತ್ರ ಉಳಿಯುವುದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಬಹುಭುಜಾಕೃತಿಯ ಶಿಲಾಸ್ತಂಭಗಳಿಗೆ ಆ ವಿಧಾನ ಅತ್ಯಂತ ಒಪ್ಪುವುದು, ಆದರೆ ಕಡಲು ನಿಜವಾಗಿ ಕೆರಳುವ ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳು ಹೋಗುವುದಿಲ್ಲ.

ಲ ಗ್ರೇ ಮಾಡಿದುದು ಮೋಸವೇ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲವೆಂದೇ. ಆಡಮ್ಸನೂ ತನ್ನ ಹರ್ನಾಂಡೆಜಿನ ಚಂದ್ರೋದಯವನ್ನು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸುತ್ತ ಅದರ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸಿದನು. ಇದ್ದ ಬೆಳಕನ್ನು ಅರ್ಥವಾಗುವಂತೆ ತೋರಿಸುವುದು ಒಂದು. ಇಲ್ಲದ ಕಾಮನಬಿಲ್ಲನ್ನು ಬೇರೆ ಕಡೆಯಿಂದ ತಂದು ಅಂಟಿಸುವುದು ಇನ್ನೊಂದು. ಕಂಪ್ಯೂಟರು ಈ ಎರಡನೆಯದನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುವ ಈಗ, ಆಕಾಶವನ್ನೇ ಬದಲಾಯಿಸಿದ ಜಲಪಾತದ ಚಿತ್ರಗಳನ್ನು ಕಂಡಾಗ ನನಗೆ ಖೇದವಾಗುವುದು. ಅಲ್ಲಿ ಕಾಯುವ ಶ್ರಮ ಕಾಣೆಯಾಗಿದೆ. ಕಾಯದೆ ಬಂದ ಚಿತ್ರ ನದಿಯ ವಿಷಯವಾಗಿ ಏನನ್ನೂ ಹೇಳಲಾರದು.

ನದಿಯ ವಿಷಯವಾಗಿ ಹೇಳಬೇಕಾದುದು ಬೇಕಾದಷ್ಟಿದೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬಾತನು 18 ಅಂಗುಲ ಅಗಲ 22 ಅಂಗುಲ ಉದ್ದದ ಭಾರಿ ಗಾಜಿನ ಪ್ಲೇಟುಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಯೊಸೆಮಿಟಿಗೆ ಹೋಗಿ ತೆಗೆದ ಚಿತ್ರಗಳು, 1864ರಲ್ಲಿ ಲಿಂಕನ್ ಆ ಕಣಿವೆಯನ್ನು ಸಂರಕ್ಷಿಸುವ ಶಾಸನಕ್ಕೆ ಸಹಿ ಹಾಕುವುದಕ್ಕೆ ಅನುಕೂಲವಾದ ವಾತಾವರಣವನ್ನು ನಿರ್ಮಿಸಿದುವೆಂದು ಇತಿಹಾಸಕಾರರು ಬರೆಯುತ್ತಾರೆ. ಶರಾವತಿಯ ಕಥೆ ಬೇರೆ. ವಿದ್ಯುತ್ತಿಗಾಗಿ ಮೊದಲು ಹಿರೇಭಾಸ್ಕರದಲ್ಲಿ, ಅನಂತರ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟುಗಳಾದುವು. ನಾಡಿಗೆ ಬೆಳಕು ಬಂದಿತು, ಊರುಗಳು ಮುಳುಗಿದುವು, ಜೋಗದ ನೀರು ಮಳೆಗಾಲದ ಅತಿಥಿಯಾಯಿತು. ಅಣೆಕಟ್ಟಿಗೆ ಮುಂಚಿನ ಜೋಗದ ಹಳೆಯ ಕಪ್ಪುಬಿಳುಪು ಚಿತ್ರವೊಂದು ಯಾವುದಾದರೂ ಮನೆಯ ಗೋಡೆಯ ಮೇಲೆ ಕಂಡರೆ, ನಾನು ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತೇನೆ. ಅದು ಈಗ ಕೇವಲ ಸುಂದರಚಿತ್ರವಾಗಿ ಉಳಿದಿಲ್ಲ, ದಾಖಲೆಯಾಗಿದೆ. ಬೇಸಗೆಯ ಬಿರುಸಿಗೆ ಲಿಂಗನಮಕ್ಕಿಯ ಹಿನ್ನೀರು ತೀರ ಇಳಿದ ವರ್ಷಗಳಲ್ಲಿ, ಮುಳುಗಿದ್ದ ಹಿರೇಭಾಸ್ಕರದ ಕಟ್ಟಡವೇ ಮಡೆನೂರಿನ ಬಳಿ ನೀರಿನಿಂದ ಮೇಲೇಳುತ್ತದೆ. ಅದನ್ನೂ, ಮೇ ತಿಂಗಳಿನಲ್ಲಿ ಬರಿದಾಗಿ ಕಪ್ಪಗೆ ನಿಂತಿರುವ ರಾಜನ ಬಂಡೆಯನ್ನೂ, ಜೂನಿನ ಮೊದಲ ಕೆಂಪು ನೀರನ್ನೂ, ಆಗಸ್ಟಿನ ಪ್ರವಾಹವನ್ನೂ, ಒಂದೇ ಕಲ್ಲಿನ ಮೇಲೆ ಟ್ರೈಪಾಡನ್ನೂರಿ ತಿಂಗಳಿಗೊಮ್ಮೆ ವರ್ಷಪೂರ್ತಿ ತೆಗೆದ ಚಿತ್ರಮಾಲೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾಗರದ ಕಡೆಯ ಅಥವಾ ಸಿದ್ದಾಪುರದ ಕಡೆಯ ಯಾರಾದರೂ ತರುಣರು, ನದಿಯ ದಡದಲ್ಲಿಯೇ ಹುಟ್ಟಿ ಬೆಳೆದವರು, ಈ ಕೆಲಸವನ್ನು ಕೈಗೊಳ್ಳಬೇಕು. ಅದಕ್ಕೆ ಕೈಯಲ್ಲಿರುವ ಫೋನೇ ಸಾಕು.